ಅರಿವೆ ಮುಚ್ಚಿದ ರೊಟ್ಟಿ

ಗಜೇಂದ್ರಗಡದ ಬಸ್ಸು ತಪ್ಪಿತು. ಭಾನುವಾರ, ಸವಡಿಯಾಚೆಯ ಒಂದು ಹಳ್ಳಿಯಲ್ಲಿ ತಗಡಿನ ಚರ್ಚೊಂದು ಕಂಡು ಒಳಗೆ ಹೋಗಿ ಕೂತೆ. ಅಂದು ಪ್ರಭುಭೋಜನವಿತ್ತು, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿ ತಿನ್ನುವ ಆರಾಧನೆ. ಮಂಗಳೂರಿನ ನಮ್ಮ ಚರ್ಚಿನಲ್ಲಿ ಒಬ್ಬೊಬ್ಬರಿಗೂ ತೆಳ್ಳನೆಯ ಬಿಲ್ಲೆ ಕೊಡುತ್ತಾರೆ. ಇಲ್ಲಿ ಕೂತವರಿಗೆಲ್ಲ ಸೇರಿ ಒಂದೇ ಜೋಳದ ರೊಟ್ಟಿ.

ಮುರಿಯುವ ಮೊದಲು ಪಾಸ್ಟರ್ ಮುಂದೆ ಕೂತಿದ್ದ ಹೆಂಗಸನ್ನು ಕೇಳಿದರು: "ರೂತವ್ವ, ನೆಗೆಣ್ಣಿ ಮ್ಯಾಲಿನ ಸಿಟ್ಟು ಹೋತೇನವಾ?" ನೆಗೆಣ್ಣಿ, ಅವಳ ಮೈದುನನ ಹೆಂಡತಿ, ಆಚೆ ತುದಿಯಲ್ಲಿ ಕೂತಿದ್ದಳು.

"ಇಲ್ರಿ. ಇಲ್ಲಿ ಕುಂತು ಸುಳ್ಳ ಹ್ಯಾಂಗ ಹೇಳ್ಲಿ?"

ಅವಳನ್ನು ಬಿಟ್ಟು ಹಂಚುತ್ತಾರೆಂದು ನಾನು ಕೈ ಚಾಚಿಯೂ ಬಿಟ್ಟಿದ್ದೆ. ಪಾಸ್ಟರ್ ರೊಟ್ಟಿಯ ಮೇಲೆ ಬಿಳಿ ಅರಿವೆ ಮುಚ್ಚಿದರು. ಯಾರೂ ಗೊಣಗಲಿಲ್ಲ, ಎದ್ದು ಚಪ್ಪಲಿ ಹುಡುಕತೊಡಗಿದರು. ಚಾಚಿದ ಕೈ ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ.

"ಒಬ್ಬಳ ಸಿಟ್ಟಿಗೆ ಎಲ್ಲರಿಗೂ ಇಲ್ಲವೇ?" ಎಂದು ಪಕ್ಕದ ಮುದುಕನ ಮೇಲೆ ಹರಿಹಾಯ್ದೆ.

"ಆಕಿನ್ನ ಉಪಾಸ ಕುಂದ್ರಿಸಿ ನಾವು ಹ್ಯಾಂಗ ಉಣ್ಣೂದ್ರಿ? ಹ್ವಾದ ತಿಂಗಳೂ ಹಿಂಗ ಆತು."

ಬಾಗಿಲಲ್ಲಿ ಪಾಸ್ಟರ್ ರೊಟ್ಟಿಯನ್ನು ಅರಿವೆ ಸಮೇತ ರೂತವ್ವನ ಕೈಗೇ ಕೊಟ್ಟರು. ಬೆಳಗ್ಗೆ ಎದ್ದು ಅದನ್ನು ಬಡಿದು ತಂದವಳೂ ಅವಳೇ ಅಂತೆ!

ನಾನು ಬಸ್ಸಿಗೆ ನಿಂತ ಕಡೆಯಿಂದ ಅವಳ ಮನೆ ಕಾಣುತ್ತಿತ್ತು. ಬಾಗಿಲಿಗೆ ಬೀಗ. ಹಿಂದೆ ನಿಧಾನವಾಗಿ ಬರುತ್ತಿದ್ದ ನೆಗೆಣ್ಣಿಯ ಸೊಂಟದಲ್ಲಿ ಕೀಲಿಕೈ ಇತ್ತು; ಇಬ್ಬರದೂ ಒಂದೇ ಮನೆ. ರೂತವ್ವ ರೊಟ್ಟಿ ಹಿಡಿದುಕೊಂಡು, ಬಿಸಿಲಲ್ಲಿ, ಅವಳ ದಾರಿ ಕಾಯುತ್ತ ನಿಂತಿದ್ದಳು.