ಡ್ರಮ್ಮುಗಳ ನಡುವೆ ಒಂದು ಗ್ಲೋರಿಯಾ

ಟಿಣ್, ಟಿಣ್, ಟಿಣ್. ಗಲ್ಫಿನ ಹಳೆಯ ಕಾರುಗಳಿಗೆ ಈ ಒಂದು ಸಂಸ್ಕಾರವಿತ್ತು. ವೇಗದ ಮುಳ್ಳು ನೂರಿಪ್ಪತ್ತು ದಾಟಿತೆಂದರೆ ಡ್ಯಾಶ್‌ಬೋರ್ಡಿನ ಒಳಗೆ ಯಾರೋ ಕೂತು ಪುಟ್ಟ ಗಂಟೆ ಬಾರಿಸಲು ತೊಡಗುತ್ತಿದ್ದರು. ಲೋಕಕ್ಕೆಲ್ಲ ಅದು ಎಚ್ಚರಿಕೆ. ನಮ್ಮ ಫ್ಲೋರಿಬಾಯಿಗೆ ಮಾತ್ರ ಇಗರ್ಜಿಯ, ಅಂದರೆ ಚರ್ಚಿನ, ಗಂಟೆ. "ಹಾಂ, ಗಂಟೆ ಆಯ್ತು. ತೇರ್ಸ್ ಶುರು ಮಾಡುವ," ಎಂದು ಒಂದು ಕೈ ಸ್ಟಿಯರಿಂಗಿನಲ್ಲಿ ಇಟ್ಟು, ಇನ್ನೊಂದರಲ್ಲಿ ತೇರ್ಸಿನ ಜಪಸರ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕೂತ ಎಂಥ ನಾಸ್ತಿಕನೂ ಆ ಹೊತ್ತಿಗೆ ದೇವರನ್ನು ನೆನೆಯದೆ ಇರುತ್ತಿರಲಿಲ್ಲ.

ಆ ಸದ್ದು ಕಳೆದ ವಾರ ನನಗೆ ಮತ್ತೆ ಸಿಕ್ಕಿತು. ಇಲ್ಲಿ ಒಮಾನಿನಲ್ಲಿ, ಸೀರೆಗೆ ಫಾಲ್ ಹಚ್ಚಿಸಲೆಂದು ಬೌಷರ್‌ನ ನಮ್ಮ ಫ್ಲ್ಯಾಟಿನಿಂದ ಮತ್ರಾದ ಹಳೆ ಪೇಟೆಗೆ ಹೊರಟಿದ್ದೆ, ಟ್ಯಾಕ್ಸಿಯಲ್ಲಿ. ನನಗೆ ಸ್ವಂತ ಕಾರು ಉಂಟು. ಆದರೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಅದು ಬಿಲ್ಡಿಂಗಿನ ಕೆಳಗೆ ಧೂಳು ಹೊದ್ದು ಮಲಗಿದೆ. "ಇನ್ನು ಡ್ರೈವ್ ಮಾಡಬಹುದು ಆಂಟಿ, ಯುವರ್ ಐಸ್ ಆರ್ ಪರ್ಫೆಕ್ಟ್," ಎಂದು ಡಾಕ್ಟರು ಹೇಳಿ ಆಗಿದೆ. ಮಗಳು ಶರಲ್ ಮಾತ್ರ, "ವೈ ಟೇಕ್ ರಿಸ್ಕ್, ಮಮ್ಮಾ?" ಎಂದು ಕೀ ತನ್ನ ಹ್ಯಾಂಡ್‌ಬ್ಯಾಗಿಗೆ ಸೇರಿಸಿದ್ದಾಳೆ. ನಾನು ಹೊರಗೆ ಗೊಣಗಿದೆ, ಒಳಗೊಳಗೇ ಥ್ಯಾಂಕ್ಸ್ ಹೇಳಿದೆ. ನಿಮ್ಮ ಹತ್ತಿರ ಮುಚ್ಚುಮರೆ ಎಂತಕ್ಕೆ? ಹೆದರಿದ್ದು ಮಗಳಲ್ಲ, ನನ್ನ ಬಲಗಾಲು.

ಹೈವೇ ಸಿಕ್ಕಿದ್ದೇ ಟ್ಯಾಕ್ಸಿ ಟಿಣ್ ಟಿಣ್ ಎಂದಿತು. ನನ್ನ ಕೈ ತಾನಾಗಿ ಪರ್ಸಿನೊಳಗಿನ ಜಪಸರಕ್ಕೆ ಹೋಯಿತು. ನನ್ನಷ್ಟೇ ವಯಸ್ಸಾದ ಒಮಾನಿ ಡ್ರೈವರ್ ಕನ್ನಡಿಯಲ್ಲಿ ನೋಡಿ, "ಡರ್ ಗಯಾ, ಮಾಮಾ?" ಎಂದ. ಇವರ ಬಾಯಲ್ಲಿ ಮಾಮಾ ಅಂದರೆ ಅಮ್ಮ.

"ನಹೀಂ, ಬಾಬಾ. ಪುರಾನಾ ದೋಸ್ತ್ ಯಾದ್ ಆಯಾ," ಎಂದೆ.

ಆ ಪುರಾನಾ ದೋಸ್ತ್ ಫ್ಲೋರಿಬಾಯಿ, ಕಲ್ಯಾಣಪುರದವರು. ಇಲ್ಲಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್, ನಮ್ಮ ಫ್ಲ್ಯಾಟಿನ ಎದುರು ಬಾಗಿಲು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ, "ಇಂಜೆಕ್ಷನ್‌ಗೆ ಅಳದ ಗಂಡಸು ಒಬ್ಬ ಸಿಗಲಿಲ್ಲ," ಎಂಬ ಉತ್ತರ ತಯಾರಿರುತ್ತಿತ್ತು. ನಾವು ಮಾತಾಡುತ್ತಿದ್ದುದು ಕೊಂಕಣಿಯಲ್ಲಿ. ಕನ್ನಡಕ್ಕೆ ಬಡಿಸುವಾಗ ಉಪ್ಪು ಸ್ವಲ್ಪ ಕಡಿಮೆ ಆದೀತು, ಅನುಸರಿಸಿಕೊಳ್ಳಿ.

ನನ್ನ ಯಜಮಾನರು ಲ್ಯಾನ್ಸಿ ಹಾರ್ಟ್ ಅಟ್ಯಾಕಿನಲ್ಲಿ ಹೋದಾಗ ಶರಲ್ ಇನ್ನೂ ಪ್ರೈಮರಿಯಲ್ಲಿದ್ದಳು. ನಾನು ಕೆಲಸ ಮಾಡುತ್ತಿದ್ದ ಶಾಲೆ ಊರಿನ ಇನ್ನೊಂದು ತುದಿಯಲ್ಲಿ. ಪ್ರತಿ ಬೆಳಿಗ್ಗೆ ಲ್ಯಾನ್ಸಿಯೇ ಬಿಡುತ್ತಿದ್ದರು. ಈಗ ಶಾಲೆಯವರು, ಲ್ಯಾನ್ಸಿಯ ಹೆಸರಿನಲ್ಲಿದ್ದ ನನ್ನ ವೀಸಾ ತಮ್ಮ ಹೆಸರಿಗೆ ಮಾಡಿಕೊಳ್ಳಲು ಒಪ್ಪಿದರು. ಆದರೆ ಏಳು ಗಂಟೆಗೆ ಗೇಟಿನೊಳಗೆ ಇರಬೇಕು. ಅಂದರೆ ಕಾರು ಓಡಿಸಬೇಕು, ಅಂದರೆ ಲೈಸೆನ್ಸ್ ಬೇಕು. ಇಲ್ಲವಾದರೆ ಮಂಗಳೂರಿನಲ್ಲಿ ಅಣ್ಣನ ಮನೆ. "ಮೇಲಿನ ರೂಮು ಖಾಲಿ ಉಂಟು, ಬಾ," ಎಂದು ಅಣ್ಣ ಫೋನಿನಲ್ಲಿ ಪ್ರೀತಿಯಿಂದಲೇ ಹೇಳುತ್ತಿದ್ದ. ಆ ರೂಮಿನಲ್ಲಿ ಮೊದಲು ಯಾರಿದ್ದರೆಂದು ನನಗೆ ಗೊತ್ತಿತ್ತು: ಅಪ್ಪನ ತಂಗಿ, ನಮ್ಮ ವಿಧವೆ ಅತ್ತೆ. ಊಟಕ್ಕೆ ಕರೆದಾಗ ಮಾತ್ರ ಕೆಳಗೆ ಇಳಿಯುತ್ತಿದ್ದ ಅವಳ ಮೆಲ್ಲನೆಯ ಚಪ್ಪಲಿ ಸದ್ದು ನನ್ನ ಕಿವಿಯಲ್ಲಿತ್ತು.

ದೇವರ ಜೊತೆ ನಾನು ಆಗ ಮಾತು ಬಿಟ್ಟಿದ್ದೆ. ಕಾನ್ವೆಂಟಿನಲ್ಲಿ ಕಲಿತವಳಾದ್ದರಿಂದ ಜಗಳವೂ ಮ್ಯಾನರ್ಸ್ ಇಟ್ಟುಕೊಂಡೇ. ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ, ತುಟಿ ಅಲ್ಲಾಡಿಸುತ್ತಿದ್ದೆ. ಒಳಗಿನಿಂದ ಒಂದಕ್ಷರ ಕೊಡುತ್ತಿರಲಿಲ್ಲ. ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಪ್ರತಿ ಶುಕ್ರವಾರ ಫ್ಲೋರಿಬಾಯಿ ಕೆಳಗಿನಿಂದ ಹಾರ್ನ್ ಹೊಡೆದು ಇಡೀ ಬಿಲ್ಡಿಂಗನ್ನು ಎಬ್ಬಿಸಿ ನನ್ನನ್ನು ಇಗರ್ಜಿಯ ಪೂಜೆಗೆ ಎಳೆದುಕೊಂಡು ಹೋಗುತ್ತಿದ್ದರು.

"ಯಾರಾದರೂ ಶಾಲೆಗೆ ಕರ್ಕೊಂಡು ಹೋಗುವವರನ್ನು ದೇವರು ಕಳಿಸಿಕೊಡ್ಬಹುದಿತ್ತು," ಎಂದೆ ಒಂದು ದಿನ.

"ಅವನೆಂತ ಟ್ಯಾಕ್ಸಿ ಆಫೀಸು ಇಟ್ಟಿದ್ದಾನ ಮಾರಾಯ್ತಿ? ಶಕ್ತಿ ಕೊಡ್ತಾನೆ. ಕ್ಲಚ್ ನೀನೇ ಒತ್ಬೇಕು."

ಹಾಗೆ ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಟೀಚರ್ ಜುವೈನಾ ಎಂಬ ಒಮಾನಿ ಹೆಂಗಸು. ಫ್ಲಾಸ್ಕಿನಲ್ಲಿ ಅರಬ್ಬಿ ಕಾಫಿ ಕಾಹ್ವಾ, ಡಬ್ಬಿಯಲ್ಲಿ ಖರ್ಜೂರ, ಬಾಯಲ್ಲಿ ನಾಲ್ಕು ಭಾಷೆಯ ಚೂರು ಇಟ್ಟುಕೊಂಡು ನಗುತ್ತಲೇ ಕಲಿಸುತ್ತಿದ್ದಳು. ಈ ದೇಶದಲ್ಲಿ ರಸ್ತೆಗೆ ಇಳಿಯುವ ಮೊದಲು ಡ್ರಮ್ ಟೆಸ್ಟ್ ಅಂತ ಒಂದು ಶುದ್ಧೀಕರಣ ಸ್ಥಳವುಂಟು, ಸ್ವರ್ಗಕ್ಕೆ ಮೊದಲು ಆತ್ಮಗಳಿಗೆ ಇರುವ ಹಾಗೆ. ಸಾಲಾಗಿ ಡ್ರಮ್ಮು ನಿಲ್ಲಿಸಿರುತ್ತಾರೆ. ಅವುಗಳ ನಡುವೆ ಕಾರನ್ನು ರಿವರ್ಸ್‌ನಲ್ಲಿ ತರಬೇಕು, ಒಂದಕ್ಕೂ ತಾಗಿಸಬಾರದು. ಆಚೆ ತುದಿಯಲ್ಲಿ ಪೊಲೀಸ್ ನಿಂತಿರುತ್ತಾನೆ, ಸ್ವರ್ಗದ ಬಾಗಿಲು ಕಾಯುವ ಸಂತ ಪೀಟರನ ಹಾಗೆ.

ಟೆಸ್ಟಿನ ದಿನ ಬಂತು. ಧೈರ್ಯಕ್ಕೆ ಬಾಯಲ್ಲೇ ತೇರ್ಸ್ ಶುರು ಮಾಡಿದೆ. ಎಂಥ ಅದ್ಭುತ! ಒಂದೊಂದು ನಮೋ ಮರಿಯಗೆ ಕಾರು ಇಂಚಿಂಚೇ ಹಿಂದೆ ಸರಿಯಿತು. ಎಡಗಡೆ ಸರಿ, ಬಲಗಡೆ ಸರಿ. ಹತ್ತು ಮಣಿ ಮುಗಿದವು. ಹತ್ತು ಮುಗಿದ ಮೇಲೆ ಏನು ಬರುತ್ತದೆ? ಗ್ಲೋರಿಯಾ. ಆ ಸ್ತುತಿಗೆ ಏನು ಮಾಡಬೇಕು? ತಲೆ ಬಾಗಿಸಬೇಕು. ನಾನು ಕಲಿತ ಕಾನ್ವೆಂಟಿನ ಸಿಸ್ಟರ್ ಬೆನೆಡಿಕ್ಟಾ ವರ್ಷಗಟ್ಟಲೆ ಸ್ಕೇಲು ಹಿಡಿದು ಕಲಿಸಿದ್ದರು: "ಫ್ರಮ್ ದ ನೆಕ್, ಗರ್ಲ್ಸ್, ನಾಟ್ ಫ್ರಮ್ ದ ವೇಸ್ಟ್. ಆಂಡ್ ಐಸ್ ಕ್ಲೋಸ್ಡ್." ನಾನು ಅವರ ಬೆಸ್ಟ್ ಸ್ಟೂಡೆಂಟ್. ಕುತ್ತಿಗೆ ಬಾಗಿತು, ಕಣ್ಣು ಮುಚ್ಚಿತು, ಭಕ್ತಿ ಹೆಚ್ಚಾಗಿ ಕಾಲು ಆಕ್ಸಿಲರೇಟರ್ ಮೇಲೆ ಭಾರವಾಯಿತು.

ತ್ರಿತ್ವದ ಸ್ತುತಿ ಮುಗಿಯುವುದಕ್ಕೂ ಡ್ರಮ್ಮು ಉರುಳುವುದಕ್ಕೂ ಸರಿಹೋಯಿತು. ಅದು ಉರುಳುತ್ತಾ ಪೊಲೀಸಿನವನ ಹತ್ತಿರ ಹೋಯಿತು. ಅವನು ಸಣ್ಣಕ್ಕೆ ಹಾರಿ, ಟೋಪಿ ಸರಿಮಾಡಿಕೊಂಡು, "ಖಲಾಸ್, ಮದಾಮ್," ಎಂದ.

ಜುವೈನಾ ಕಿಟಕಿಗೆ ಬಂದಳು. "ಎಲ್ಲಾ ಗುಡ್, ಎಲ್ಲಾ ಗುಡ್, ಬಾದ್ ಮೇ ಮದಾಮ್ ಸ್ಲೀಪಿಂಗ್?"

"ಪ್ರೇಯಿಂಗ್," ಎಂದೆ.

ಅವಳು ಒಂದು ಖರ್ಜೂರ ನನ್ನ ಕೈಗಿಟ್ಟು ಹೇಳಿದಳು, "ನಾನು ಸಹ ಪ್ರೇ. ಕಾರ್ ಪಾರ್ಕಿಂಗ್, ಆಮೇಲೆ ಪ್ರೇ."

ಮನೆಗೆ ಬಂದು ಸೂಟ್‌ಕೇಸು ಕೆಳಗಿಳಿಸಿದೆ. ಅಣ್ಣನಿಗೆ ಬರುತ್ತೇನೆಂದು ಫೋನಿನಲ್ಲಿ ಹೇಳಿಯೂ ಬಿಟ್ಟೆ. ಫ್ಲೋರಿಬಾಯಿಗೆ ಕಥೆ ಹೇಳುವಾಗ, ಲ್ಯಾನ್ಸಿಯನ್ನು ಮಣ್ಣು ಮಾಡಿದ ದಿನವೂ ಬಾರದ ಅಳು ಬಂತು. ಆ ಮಹಾತಾಯಿ ಸಮಾಧಾನ ಮಾಡಿಯಾರೆಂದು ಕಾದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಿನಿಂದ ಕುಲುಕುತ್ತಿದ್ದರು. "ಗ್ಲೋರಿಯಾಕ್ಕೆ ಡ್ರಮ್ ಬಾರಿಸಿದವಳು ನಮ್ಮ ಇಗರ್ಜಿಯಲ್ಲೇ ನೀನೊಬ್ಳು. ಕೊಯರ್‌ಗೆ ಸೇರು," ಎಂದರು. ನನಗೆ ಸಿಟ್ಟು ಬಂತು. ಬಾಗಿಲು ಹಾಕಿಕೊಂಡೆ.

ಶುಕ್ರವಾರ ಹಾರ್ನ್ ಎಂದಿನಂತೆ ಬಂತು. ಇಡೀ ಬಿಲ್ಡಿಂಗಿನ ಶಾಪಕ್ಕೆ ಹೆದರಿ ಇಳಿದೆ. ಪೂಜೆಗೆ ಮೊದಲಿನ ತೇರ್ಸ್‌ನಲ್ಲಿ ಗ್ಲೋರಿಯಾ ಬಂತು. ಮಲಯಾಳಿಗಳು, ಗೋವಾದವರು, ಫಿಲಿಪಿನೋಗಳು, ನಾವು, ಇಡೀ ಇಗರ್ಜಿಯ ತಲೆ ಒಟ್ಟಿಗೆ ಬಾಗಿತು. ನನ್ನದೂ. ಆಗ ಪಕ್ಕದಿಂದ ಮೊಣಕೈ ತಿವಿಯಿತು. "ಮೆಲ್ಲ," ಎಂದು ಪಿಸುಮಾತು, "ಹಿಂದೆ ಡ್ರಮ್ ಉಂಟು."

ನೋಡಿ, ದೇವರ ಮನೆಯಲ್ಲಿ ನುಂಗಿಕೊಳ್ಳುವ ನಗುವಿನಷ್ಟು ಕಷ್ಟದ್ದು ಬೇರೆ ಇಲ್ಲ. ಹೊಟ್ಟೆ ಹಿಡಿದು ಬೆಂಚಿನ ಕೆಳಗೆ ಬಗ್ಗಿದೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ. ಕಣ್ಣೊರೆಸಿಕೊಂಡು ಎದ್ದು ನೋಡಿದರೆ ಎದುರಿಗೆ ಶಿಲುಬೆ. "ನಿನಗೂ ತಮಾಷೆ ಆಯ್ತಲ್ಲ?" ಎಂದೆ, ಮನಸ್ಸಿನಲ್ಲೇ. ಎಂದ ಮೇಲೆ ಗೊತ್ತಾಯಿತು, ನಾನು ಅವನ ಜೊತೆ ಮಾತಾಡಿಬಿಟ್ಟಿದ್ದೆ. ಮಾತು ಬಿಟ್ಟ ಗಂಡಹೆಂಡಿರು ಸಕ್ಕರೆ ಎಲ್ಲಿದೆಯೆಂದು ಕೇಳಿ ರಾಜಿಯಾಗುವುದಿಲ್ಲವೇ, ಹಾಗೆ. ಇನ್ನು ತಡೆಯಲಿಲ್ಲ, ಲ್ಯಾನ್ಸಿಯ ವಿಷಯ, ಮಗಳ ವಿಷಯ, ಮೇಲಿನ ರೂಮಿನ ವಿಷಯ, ಎಲ್ಲ ಹೇಳಿದೆ. ಡ್ರಮ್ಮು ಸರಿಸು ಎಂದು ಬೇಡಲಿಲ್ಲ. ಕಣ್ಣು ತೆರೆದಿಡುವಷ್ಟು ಶಕ್ತಿ ಕೊಡು, ಅಷ್ಟು ಸಾಕು, ಎಂದೆ.

ಅಣ್ಣನಿಗೆ ಮತ್ತೆ ಫೋನು ಮಾಡಿ ರೂಮಿಗೆ ಬಾಡಿಗೆಯವರನ್ನು ನೋಡಿಕೋ ಎಂದೆ. ಮುಂದಿನ ಟೆಸ್ಟಿಗೆ ಹೋದಾಗಲೂ ಪ್ರಾರ್ಥಿಸಿದೆ, ಆದರೆ ಕನ್ನಡಿ ನೋಡುತ್ತಾ, ತಲೆ ಎತ್ತಿಕೊಂಡು. ಹಾಗೂ ಪ್ರಾರ್ಥಿಸಬಹುದೆಂದು ಸಿಸ್ಟರ್ ಬೆನೆಡಿಕ್ಟಾ ಹೇಳಿಕೊಟ್ಟಿರಲಿಲ್ಲ. ಡ್ರಮ್ಮುಗಳು ನಿಂತಲ್ಲೇ ನಿಂತವು. ಪೊಲೀಸ್ ಮಾತ್ರ ನನ್ನನ್ನು ಗುರುತಿಸಿ ಮೊದಲೇ ದೂರ ಹೋಗಿ ನಿಂತಿದ್ದ.

ಕಳೆದ ವಾರ ಆ ಟ್ಯಾಕ್ಸಿಯಲ್ಲಿ ಮತ್ರಾಕ್ಕೆ ಹೋಗಿ ಬಂದ ಸಂಜೆ ಶರಲ್ ಮುಂದೆ ಕೈ ಚಾಚಿದೆ. "ಕೀ ಕೊಡು."

"ಮಮ್ಮಾ, ಆರ್ ಯು ಶೂರ್?"

"ನಾಟ್ ಅಟ್ ಆಲ್. ಕೊಡು."

ಈ ಶುಕ್ರವಾರ ನಾನೇ ಕಾರು ತೆಗೆದೆ. ಹೊಸ ಕಾರು, ಟಿಣ್ ಟಿಣ್ ಎನ್ನುವುದಿಲ್ಲ. ಏನೋ ಒಂದು ದೀಪ ಮಿಣುಕುತ್ತದೆ, ಅಷ್ಟೆ. ಬಲಗಾಲು ನಡುಗುತ್ತಲೇ ಇತ್ತು, ನಡುಗುತ್ತಲೇ ಒತ್ತಿತು. ಏರ್‌ಪೋರ್ಟಿನ ತಿರುವು ದಾಟುವಾಗ ಫ್ಲೋರಿಬಾಯಿ ಪಕ್ಕದ ಸೀಟಿನಲ್ಲಿ ಇದ್ದಂತೆಯೇ ಆಯಿತು.

ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಕಲ್ಯಾಣಪುರಕ್ಕೆ ಹೊರಟ ದಿನ ಏರ್‌ಪೋರ್ಟಿಗೆ ಬಿಟ್ಟವಳು ನಾನೇ. ದಾರಿಯುದ್ದಕ್ಕೂ, "ಎತ್ತಿನ ಗಾಡಿಯಾ ಇದು? ಗಂಟೆ ಎಲ್ಲಿ, ತೇರ್ಸ್ ಯಾವಾಗ?" ಎಂದು ಕೆಣಕಿದ್ದರು. ಇಳಿದು ಟ್ರಾಲಿ ಹಿಡಿದು ನನ್ನ ಕಿಟಕಿಯ ಹತ್ತಿರ ಬಂದರು. ಹಿಂದಿನಿಂದ ಪೊಲೀಸ್ "ಯಲ್ಲಾ, ಯಲ್ಲಾ" ಎನ್ನುತ್ತಿದ್ದ. ದೊಡ್ಡವರ ಆಶೀರ್ವಾದಕ್ಕೆ ನಮ್ಮಲ್ಲಿ ಬೆಸಾಂವ್ ಎನ್ನುತ್ತೇವೆ. ಕೇಳುವವರು ತಲೆ ಬಾಗಿಸಬೇಕು, ಕೊಡುವವರು ಹಣೆಗೆ ಶಿಲುಬೆ ಬರೆಯಬೇಕು. ನಾನು ಕಿಟಕಿ ಇಳಿಸಿ, "ಬೆಸಾಂವ್ ಕೊಡಿ, ಬಾಯಿ," ಎಂದೆ. ಅವರ ಹೆಬ್ಬೆರಳು ಹಣೆಯವರೆಗೆ ಬಂದು ಗಕ್ಕನೆ ನಿಂತಿತು.

"ಹ್ಯಾಂಡ್‌ಬ್ರೇಕ್ ಎಳ್ದಿದ್ದಿಯಾ?"

ಎಳೆದೆ. ಆಮೇಲೆ ತಲೆ ಬಾಗಿಸಿದೆ, ಫ್ರಮ್ ದ ನೆಕ್. ವಿಕ್ಸ್ ವಾಸನೆಯ ಹೆಬ್ಬೆರಳು ಹಣೆಯ ಮೇಲೆ ಅಡ್ಡ ಉದ್ದ ಹೋಯಿತು. ತಲೆ ಎತ್ತಿದಾಗ ಅವರು ಆಗಲೇ ಹೊರಟಾಗಿತ್ತು. ಟ್ರಾಲಿಯನ್ನೂ ಕಾರಿನ ಹಾಗೆಯೇ ಓಡಿಸುತ್ತಾ, ಯಾರದೋ ಸೂಟ್‌ಕೇಸಿಗೆ ಗುದ್ದಿ, ಹಿಂದೆ ತಿರುಗಿ ನೋಡದೆ ಗಾಜಿನ ಬಾಗಿಲು ದಾಟಿ ಹೋದರು.