ಬಿಚ್ಚಿದ ಆಟಕ್ಕೆ ಎರಡನೇ ಎಣಿಕೆ

ಇಳಕಲ್ಲಿನ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊದಲು ಮಗ್ಗ ಹೂಡಿದ್ದ ಒಂದು ಉದ್ದನೆಯ ಕೋಣೆಯಲ್ಲಿ ಪ್ರಭುಲಿಂಗನ ಆಟದ ಅಂಗಡಿ. ಗೋಡೆಗುಂಟ ಸಾಲಾಗಿ ಕಂಪ್ಯೂಟರು. ಐತವಾರ ಬಂದರೆ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಮಗ್ಗದ ಸದ್ದಿಗೆ ಒಗ್ಗಿದ್ದ ಓಣಿ ಈಗ ಹುಡುಗರ ಕೇಕೆಗೂ ಒಗ್ಗಿದೆ.

ಪ್ರಭುಲಿಂಗ ಹುಟ್ಟಿದ್ದು ಮರೋಳದ ಕುರಿ ಸಾಕುವ ಮನೆಯಲ್ಲಿ. ಹೊಲಕ್ಕೆ ನೀರು ಹತ್ತಿದ ಮೇಲೆ ಅಪ್ಪ ಕುರಿ ಕಡಿಮೆ ಮಾಡಿ ಬೇಸಾಯಕ್ಕೆ ನಿಂತ. ಮಗ ವಿದ್ಯಾಗಿರಿಯ ಒಂದು ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಬಿಚ್ಚುತ್ತ ಬಿಚ್ಚುತ್ತಲೇ ಕಂಪ್ಯೂಟರ್ ಕಲಿತ. ಆದರೆ ಕುರಿಯವನ ಕಣ್ಣು ಎಲ್ಲಿ ಹೋಗಬೇಕು? ಹಟ್ಟಿಯಲ್ಲಿ ತಲೆ ಎಣಿಸಿದರೆ ಸಾಲದು, ಮುಖ ನೋಡಬೇಕು. ನಮ್ಮದೊಂದು ಕುರಿ ತಪ್ಪಿಹೋಗಿ ಅದರ ಬದಲು ಮಂದಿಯ ಕುರಿ ಬಂದು ಸೇರಿಕೊಂಡರೂ ಎಣಿಕೆ ಸರಿಯಾಗಿಯೇ ಇರುತ್ತದೆ. ಆಟದ ಫೈಲುಗಳದೂ ಅದೇ ಹಣೆಬರಹ ಎನ್ನುತ್ತಿದ್ದ ಪ್ರಭುಲಿಂಗ.

ಆಟ ಇಂಟರ್ನೆಟ್ಟಿನಿಂದ ಇಳಿಯುವಾಗ ಒಂದೇ ಗಂಟಾಗಿ ಬರುತ್ತದೆ. ಗಂಟು ಬಿಚ್ಚಿದರೆ ಒಳಗೆ ಹಿಂಡುಗಟ್ಟಲೆ ಫೈಲು. ಆಟ ಮಾಡಿದವರು ಗಂಟಿಗೂ, ಒಳಗಿನ ಒಂದೊಂದು ಫೈಲಿಗೂ ಬೆರಳಚ್ಚಿನಂಥ ಗುರುತು ಕೊಟ್ಟಿರುತ್ತಾರೆ. ಅಕ್ಷರ ಅಂಕಿಗಳ ಒಂದು ಉದ್ದ ಸಾಲು. ಫೈಲಿನಲ್ಲಿ ಎಳ್ಳುಕಾಳಿನಷ್ಟು ಹೆಚ್ಚುಕಡಿಮೆಯಾದರೂ ಆ ಸಾಲು ಪೂರಾ ಬೇರೆಯಾಗಿಬಿಡುತ್ತದೆ. ಪ್ರಭುಲಿಂಗ ಗುರುತು ತಾಳೆ ನೋಡಿ, ಸರಿಯಿದ್ದರೆ ಆ ಕಂಪ್ಯೂಟರಿನ ನೆತ್ತಿಗೆ ಒಂದು ಚಿಟಿಕೆ ಭಂಡಾರ ಹಚ್ಚುತ್ತಿದ್ದ. ಮನೆದೇವರು ಬೀರಪ್ಪನ ಅರಿಸಿನಪುಡಿ ಅದು. ಭಂಡಾರ ಬಿತ್ತೆಂದರೆ ಮುಗಿಯಿತು. ಅದನ್ನು ಮತ್ತೆ ಪರೀಕ್ಷೆ ಮಾಡಿದರೆ ದೇವರನ್ನೇ ಪರೀಕ್ಷೆ ಮಾಡಿದಂತೆ ಎಂಬುದು ಅವರ ಮನೆಯ ನಡಾವಳಿ.

ಆ ಐತವಾರ ಕಮತಗಿಯವರಿಗೂ ಇಳಕಲ್ಲಿನವರಿಗೂ ಪಂದ್ಯ. ಕೋಟೆಯೊಳಗೆ ಅಡಗಿಕೊಂಡು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಹೊಸ ಆಟ. ಕಮತಗಿ ತಂಡದ ನಾಯಕಿ ಅಬೇದಾ ಕಾಲೇಜು ಹುಡುಗಿ, ಬಾಯಿ ಖಾರದ ಮೆಣಸಿನಕಾಯಿ. ಇಳಕಲ್ಲಿನ ನಾಯಕ ಅಮರೇಶ. ಮೊದಲ ಆಟವನ್ನು ಅಮರೇಶ ಕಣ್ಣುಮುಚ್ಚಿ ತೆರೆಯುವುದರೊಳಗೆ ಗೆದ್ದುಬಿಟ್ಟ. ಅಬೇದಾ ಹೆಡ್‌ಫೋನ್ ಕಿತ್ತಿಟ್ಟು ಎದ್ದು ನಿಂತಳು.

“ಇದು ಕಲಬೆರಕಿ ಆಟ! ನಾ ಗ್ವಾಡಿ ಹಿಂದ ಉಸಿರ ಬಿಗಿಹಿಡದ ಕುಂತಿದ್ದೆ. ಇಂವಗ ಹೆಂಗ ಕಂಡ್ನಿ?”

“ಸೋತವರಿಗೆ ಗ್ವಾಡಿನೂ ವೈರಿ,” ಅಮರೇಶ ನಕ್ಕ. “ಊರಿಗೆ ಹೋಗಿ ಲಗೋರಿ ಆಡ ಹೋಗ.”

“ಲಗೋರಿಯೊಳಗೂ ನಿನ್ನ ಮಣ್ಣ ಮುಕ್ಕಸ್ತೇನಿ. ಪ್ರಭುಲಿಂಗಣ್ಣಾ, ಫೈಲಿನ ಗುರುತು ಮತ್ತ ತಾಳೆ ನೋಡ್ರಿ. ಇಲ್ಲಂದ್ರ ನಾವು ಈಗಿಂದೀಗ ಬಸ್ಸು ಹತ್ತತೇವಿ. ಕಮತಗಿ ಮಂದಿ ಈ ಅಂಗಡಿ ಮೆಟ್ಟಲ ಮತ್ತ ತುಳಿಯಂಗಿಲ್ಲ.”

ಪ್ರಭುಲಿಂಗ ಕಂಪ್ಯೂಟರುಗಳ ಮುಂದೆ ಬಂದು ನಿಂತ. ಬೇರೆ ಅಂಗಡಿಗಳಿಗೆ ದೊಡ್ಡ ಪರದೆ ಇತ್ತು, ತಂಪು ಗಾಳಿ ಇತ್ತು. ಇವನಿಗಿದ್ದದ್ದು ಒಂದೇ ಹೆಸರು: ಪ್ರಭುಲಿಂಗನಲ್ಲಿ ಆಟ ಚೊಕ್ಕ. ಆ ಹೆಸರು ಈಗ ಮೆಟ್ಟಿಲಿಳಿಯಲು ನಿಂತಿತ್ತು. ಅದರ ಮೇಲೆ ಮುಂಜಾನೆಯದೂ ನೆನಪಾಯಿತು. ಗಂಟಿನ ಗುರುತು ನೋಡಿ ಭಂಡಾರ ಹಚ್ಚಿದ್ದ. ಬಿಚ್ಚಿದ್ದು ಆಮೇಲೆ. ಒಂದೊಂದೇ ಕಂಪ್ಯೂಟರಿನಲ್ಲಿ ಬಿಚ್ಚುವಾಗ ನಡುವೆ ಕರೆಂಟು ಒಮ್ಮೆ ಹೋಗಿ ಬಂದಿತ್ತು. ಎಣಿಕೆ ಸರಿ, ಅಳತೆ ಸರಿ ಎಂದು ಸುಮ್ಮನಾಗಿದ್ದ. ಈಗ ನೋಡೋಣವೆಂದರೆ ಕೈ ಮುಂದೆ ಬರಲೊಲ್ಲದು. ಕಂಪ್ಯೂಟರುಗಳ ನೆತ್ತಿಯ ಮೇಲೆ ಭಂಡಾರ ಹೊಳೆಯುತ್ತಿದೆ.

ಅವ್ವ ಸೋಮವ್ವ ಮರೋಳದಿಂದ ರೊಟ್ಟಿ ಗಂಟು ತಂದವಳು ಬಾಗಿಲಲ್ಲೇ ಕೂತು ಈ ಗದ್ದಲ ನೋಡುತ್ತಿದ್ದಳು. ಪ್ರಭುಲಿಂಗ ಅವಳ ಬಳಿ ಹೋಗಿ ಬಗ್ಗಿದ.

“ಯವ್ವಾ, ಭಂಡಾರ ಹಚ್ಚೇನಿ. ಮತ್ತ ಪರೀಕ್ಷೆ ಮಾಡೂದು ಹೆಂಗ?”

“ಯಾವಾಗ ಹಚ್ಚಿದಿ?”

“ಗಂಟು ಬಿಚ್ಚೂಕಿಂತ ಮೊದಲ.”

“ಹುಚ್ಚಪ್ಯಾಲಿ! ಮುಂಜಾನಿ ಹಟ್ಟಿಯೊಳಗ ಎಣಿಸಿ ಬಿಟ್ಟ ಕುರಿ ಸಂಜಿಗೆ ಮತ್ತ ಎಣಸಂಗಿಲ್ಲೇನು? ಅದು ಬೀರಪ್ಪನ ಮ್ಯಾಲಿನ ಸಂಶೆ ಅಲ್ಲೋ, ತ್ವಾಳದ ಮ್ಯಾಲಿನ ಸಂಶೆ. ಹೋಗ, ಎಣಸ.”

ಮೂಗುದಾರ ಬಿಚ್ಚಿದ ಹೋರಿಯಂತೆ ಪ್ರಭುಲಿಂಗ ಓಡಿಬಂದ. ಒಂದೊಂದೇ ಕಂಪ್ಯೂಟರಿನಲ್ಲಿ ತಾಳೆ ಶುರುವಾಯಿತು. ಎರಡೂ ಊರಿನವರು ಹೆಗಲಿಗೆ ಹೆಗಲು ತಾಗಿಸಿ ಬಗ್ಗಿದರು. ಗುರುತು ತಾಳೆಯಾದ ಫೈಲಿಗೊಂದರಂತೆ ಹಸಿರು ಸಾಲುಗಳು ಮಳೆಯಂತೆ ಸುರಿದವು. ಅಬೇದಾಳ ಕಂಪ್ಯೂಟರು ಚೊಕ್ಕ. ಅದರ ಪಕ್ಕದ್ದೂ ಚೊಕ್ಕ. ಅಮರೇಶನದರಲ್ಲಿ ಹಸಿರು, ಹಸಿರು, ಹಸಿರು... ತಟ್ಟನೆ ಒಂದು ಕೆಂಪು ಸಾಲು!

“ಸಿಕ್ತು!” ಅಬೇದಾ ಜಿಗಿದಳು.

ಅದು ಕೋಟೆಯ ಗೋಡೆಗಳ ಫೈಲು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕರೆಂಟು ಹೋದಾಗ ಫೈಲಿನ ಚೀಲ ಪೂರಾ ಅಳತೆಗೆ ಹೊಲಿದಾಗಿತ್ತು, ಒಳಗೆ ಕಾಳು ಅರ್ಧವೇ ಬಿದ್ದಿತ್ತು. ಉಳಿದದ್ದು ಬರೀ ಗಾಳಿ.

“ನಿನಗ ಗ್ವಾಡಿ ಕಾಣ್ತಿದ್ದಿಲ್ಲೇನ್ಲೇ?” ಪ್ರಭುಲಿಂಗ ಕೇಳಿದ.

ಅಮರೇಶ ಕಿವಿ ಕೆರೆದುಕೊಂಡ. “ಜರಡಿ ಹಂಗ ಕಾಣ್ತಿತ್ತು. ಆಟನ ಹಂಗ ಐತಿ ಅನಕೊಂಡೆ.”

“ಅನಕೋತಿ, ಯಾಕ ಅನಕೋಬಾರ್ದು!” ಎಂದಳು ಅಬೇದಾ. “ಬೆಕ್ಕು ಕಣ್ಣ ಮುಚ್ಚಿ ಹಾಲ ಕುಡಿದಂಗ.”

ಪ್ರಭುಲಿಂಗ ಸ್ಟೂಲಿನ ಮೇಲೆ ಹತ್ತಿ ನಿಂತ. “ಕೇಳ್ರಿ ಎಲ್ಲಾರೂ. ಅಮರೇಶಂದಲ್ಲ, ತಪ್ಪು ನಂದು. ಬಿಚ್ಚಿದ ಮ್ಯಾಲ ನೋಡಬೇಕಿತ್ತು, ನೋಡ್ಲಿಲ್ಲ. ಮೊದಲನೇ ಆಟ ರದ್ದು.”

ಇಳಕಲ್ಲಿನವರು ಹೋ ಎಂದು ಕೂಗಿದರು. “ನಮ್ಮೂರಾಗ ಅಂಗಡಿ ಹಾಕಿ ಕಮತಗಿ ಕಡಿ ನಿಂತೀಯಲ್ಲೋ!”

“ಖರೆ ಕಡಿ ನಿಂತೇನಿ. ಕುಂಡರ್ರಲೇ.”

ಅಮರೇಶನ ಕಂಪ್ಯೂಟರಿನಲ್ಲಿ ಗಂಟು ಹೊಸದಾಗಿ ಬಿಚ್ಚಿದ. ಎಲ್ಲರ ಕಣ್ಣೆದುರೇ ಒಂದೊಂದು ಫೈಲನ್ನೂ ತಾಳೆ ನೋಡಿದ. ಮೇಲಿಂದ ಕೆಳಗಿನವರೆಗೂ ಹಸಿರು. ಆಟ ಮತ್ತೆ ಹತ್ತಿತು ನೋಡಿ, ಕೋಣೆಯ ತಗಡು ಹಾರುವಂಥ ಗದ್ದಲ! ಅಬೇದಾ ಇಬ್ಬರನ್ನು ಕೆಡವಿದಳು. ಅಮರೇಶ ಈಗ ಗೋಡೆ ಗೋಡೆ ತಡಕಾಡುತ್ತ ಬೆವತುಹೋದ. ಕೊನೆಗೆ ಉಳಿದವರು ಅವರಿಬ್ಬರೇ. ಒಂದೇ ಮೂಲೆಯಲ್ಲಿ ಎದುರಾಬದುರಾದರು. ಅಮರೇಶನ ಬೆರಳು ಒಂದು ಉಸಿರಿನಷ್ಟು ಮೊದಲು ಬಿತ್ತು.

ಪ್ರಭುಲಿಂಗ ಪರದೆ ನೋಡಲಿಲ್ಲ, ಅಬೇದಾಳ ಮುಖ ನೋಡಿದ. ಆಕೆ ಕುರ್ಚಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಈಗ ಗೆದ್ದಿ ನೋಡ, ಖರೆ ಗೆದ್ದಿ,” ಎಂದು ಅಮರೇಶನ ಬೆನ್ನಿಗೆ ಗುದ್ದಿದಳು. ಆಮೇಲೆ ಇತ್ತ ತಿರುಗಿ, “ಪ್ರಭುಲಿಂಗಣ್ಣಾ, ಬರೂ ಐತವಾರ ನಮಗ ಜಾಗ ಹಿಡದಿಡ್ರಿ. ನಮ್ಮಕ್ಕ ಶಾಹಿದಾನ್ನ ಕರಕೊಂಡ ಬರ್ತೇನಿ. ಆಕಿ ನನ್ನಂಗ ಮೆತ್ತಗಿಲ್ಲ.”