ಹಸಿದ ಕಾರಿನ ಕನಸು

ಸೆಪಿಯಾ ಕಾರು ಓಡಿಸಲು ಕಲಿತದ್ದು ಗಂಡ ತೀರಿಕೊಂಡ ಮೇಲೆ. ಅದಕ್ಕೆ ಮುಂಚೆ ಆ ಕಾರಿನಲ್ಲಿ ಅವಳಿಗೆ ಪರಿಚಯವಿದ್ದದ್ದು ಎಡಗಡೆಯ ಸೀಟೊಂದೇ. ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್ ಅವಧಿ ಮುಗಿದದ್ದೇ ತಡ, ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ಕಾರನ್ನು ಶಾಲೆಯ ಮೈದಾನಕ್ಕೆ ತಳ್ಳಿಸಿಕೊಂಡು ಹೋದಳು. ಮೊದಲ ದಿನವೇ ಗೋಲ್ ಕಂಬಕ್ಕೆ ಗುದ್ದಿದಳು. ಲುಬೊಕ್ ಕೆರಾಂಜಿಯ ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಹಾಗೆ ನಕ್ಕವರೇ ಮುಂದಿನ ಮಳೆಗಾಲದಲ್ಲಿ ಹೆರಿಗೆ ನೋವು, ಹಾವು ಕಡಿತ, ಮದುವೆ ದಿಬ್ಬಣ ಎಂದು ಅವಳ ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಬೈಕು ಮನೆಗೊಂದಿತ್ತು, ನಿಜ. ಆದರೆ ಬೈಕಿನ ಹಿಂದೆ ತುಂಬು ಬಸುರಿಯನ್ನು ಕೂರಿಸಿಕೊಂಡು ಗುಡ್ಡ ಇಳಿಯುವ ಧೈರ್ಯ ಯಾರಿಗಿತ್ತು?

ಮಲೇಷ್ಯಾದ ಕೆಲಂತಾನಿನ ಮೇಲ್ಸೀಮೆಯ ಊರು ಅದು. ಗುಡ್ಡದ ಆಚೆ ಹೊಳೆ, ಹೊಳೆಗೊಂದು ಸೇತುವೆ, ಸೇತುವೆ ದಾಟಿ ಬಹಳ ದೂರ ಹೋದರೆ ಪೇಟೆ. ಪ್ರತಿದಿನ ಬೆಳಗಿನ ನಮಾಜು ಮುಗಿಸಿ, ಮಂಜು ಇನ್ನೂ ರಸ್ತೆಯ ಮೇಲೆ ಮಲಗಿರುವಾಗಲೇ ಸೆಪಿಯಾ ಮೂವರು ಹೆಂಗಸರನ್ನು ಪೇಟೆಯ ಸಂತೆಕಟ್ಟೆಗೆ ಒಯ್ಯುತ್ತಿದ್ದಳು. ಮುಂದಿನ ಸೀಟಿನಲ್ಲಿ ಹಿರಿಯಳು, ಎಲ್ಲರ ಅಜ್ಜಿ, ತೊಕ್ ಬುಂಗಾ. ಕಾಡಿನ ಕಳಲೆ, ಜರಿಸೊಪ್ಪು ಮಾರುವವಳು. ಹಿಂದೆ, ಬಾಳೆಲೆಯಲ್ಲಿ ಸುತ್ತಿದ ಅನ್ನದ ಪೊಟ್ಟಣ ಮಾರುವ ಮೆಕ್ ಜಾರಾ. ಅವಳ ನಾಲಿಗೆ ಕತ್ತಿಗಿಂತ ಚೂಪು. ಪಕ್ಕದಲ್ಲಿ ಬಾಳೆಗೊನೆಯ ಚೆ ಬೀದಾ, ಕೂತ ತಕ್ಷಣ ತೂಕಡಿಸುವವಳು.

ಆ ಊರಿನಲ್ಲಿ ರಾತ್ರಿ ಬಿದ್ದ ಕನಸನ್ನು ಮನೆಯೊಳಗೆ ಹೇಳುವುದಿಲ್ಲ. ಹೇಳಿದರೆ ಅದು ತೊಲೆಗೆ ಅಂಟಿಕೊಂಡು ಮನೆಯವರನ್ನು ಕಾಡುತ್ತದಂತೆ. ಕನಸನ್ನು ದಾರಿಯಲ್ಲಿ ಹೇಳಬೇಕು, ಹೊಳೆ ದಾಟುವ ಮುಂಚೆ ಮುಗಿಸಬೇಕು. ಕೆಟ್ಟದ್ದನ್ನು ನೀರು ಒಯ್ಯುತ್ತದೆ, ಒಳ್ಳೆಯದು ದಾಟುತ್ತದೆ. ಹಾಗಾಗಿ ಸೆಪಿಯಾಳ ಕಾರಿನಲ್ಲಿ ಬೆಳಗಿನ ಮಾತೆಲ್ಲ ಕನಸಿನದೇ. ಬೀದಾಳ ಕನಸಿನಲ್ಲಿ ಸದಾ ಯಾರೋ ಅವಳ ಬಾಳೆ ಕದಿಯುತ್ತಿದ್ದರು. ಜಾರಾಳ ಕನಸಿನಲ್ಲಿ ಸತ್ತ ಅತ್ತೆ ಬಂದು ಅನ್ನಕ್ಕೆ ಉಪ್ಪು ಹೆಚ್ಚಾಯಿತು ಎನ್ನುತ್ತಿದ್ದಳು. ತೊಕ್ ಬುಂಗಾ ಮಾತ್ರ ತನ್ನ ಕನಸನ್ನು ನಿಧಾನವಾಗಿ, ಒಂದೊಂದೇ ಎಳೆ ಬಿಡಿಸಿ ಹೇಳುವವಳು. ಬಿಳಿ ಆನೆಯೊಂದು ಬಂದು ಅವಳ ಅಂಗಳ ಗುಡಿಸಿದ್ದು, ಹೊಳೆ ಎದ್ದು ನಿಂತು ಮರದಂತೆ ಹೂ ಬಿಟ್ಟದ್ದು. ಕನಸು ಹೇಳಬಾರದವಳು ಒಬ್ಬಳೇ, ಕಾರು ಓಡಿಸುವವಳು. ಹೇಳುತ್ತ ಹೇಳುತ್ತ ಅದರೊಳಗೇ ಹೋಗಿಬಿಟ್ಟರೆ ಕಾರಿನ ಗತಿ?

ಗುಡ್ಡದ ನೆತ್ತಿಗೆ ಬಂದಾಗ ಸೆಪಿಯಾ ಇಂಜಿನ್ ಆರಿಸಿಬಿಡುತ್ತಿದ್ದಳು. ಅಲ್ಲಿಂದ ಸೇತುವೆಯವರೆಗೂ ಇಳಿಜಾರು. ಕಾರು ಸದ್ದಿಲ್ಲದೆ ಮಂಜಿನೊಳಗೆ ಜಾರುತ್ತಿತ್ತು. ಟೈರಿನ ಅಡಿಯ ಕಲ್ಲಿನ ಸದ್ದು, ದೂರದ ಮಂಗಗಳ ಕೂಗು, ನಡುವೆ ತೊಕ್ ಬುಂಗಾಳ ದನಿ. ತಮ್ಮ ಕನಸಿಗೆ ಮರ್ಯಾದೆ ಕೊಟ್ಟು ಸೆಪಿಯಾ ಹಾಗೆ ಮಾಡುತ್ತಾಳೆ ಎಂದು ಆ ಮೂವರೂ ನಂಬಿದ್ದರು. ಪೇಟೆಯ ಗ್ಯಾರೇಜಿನವನಿಗೆ ವಿಷಯ ಗೊತ್ತಿತ್ತು. "ಪೆಟ್ರೋಲ್ ಉಳಿಸೋಕೆ ಹೋಗಿ ಪ್ರಾಣ ಕಳ್ಕೋತೀಯಾ. ಬ್ರೇಕ್ ಹಿಡೀದಿದ್ರೆ ಹೊಳೇಲಿ ಈಜ್ತೀಯಾ?" ಎಂದು ಬೈದಿದ್ದ. ಬೈಯಲಿ ಬಿಡಿ. ಅವನೇನು ಪೆಟ್ರೋಲ್ ಹಾಕಿಸಿಕೊಡುತ್ತಾನೆಯೇ?

ಇನ್ನು ಬಾಡಿಗೆಯ ವಿಷಯ. ಎಷ್ಟು ಎಂದು ಯಾರೂ ಕೇಳುವುದಿಲ್ಲ, ಇಷ್ಟು ಎಂದು ಯಾರೂ ಹೇಳುವುದಿಲ್ಲ. ಇಳಿಯುವಾಗ ಕೈ ಕುಲುಕುತ್ತಾರೆ. ಅಂಗೈಯಲ್ಲಿ ಪುಟ್ಟದಾಗಿ ಮಡಚಿದ ನೋಟು. ಅದು ಈ ಕೈಯಿಂದ ಆ ಕೈಗೆ ದಾಟುವಾಗ ಇಬ್ಬರೂ ಬೇರೆ ಎಲ್ಲೋ ನೋಡಬೇಕು. ಮುಖ ನೋಡಿದರೆ ಮರ್ಯಾದೆಗೇಡು, ನೋಟು ನೋಡಿದರೆ ಅದಕ್ಕಿಂತ ಮರ್ಯಾದೆಗೇಡು. ಬಹಳ ಚಂದದ ಪದ್ಧತಿ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಅವಳ ಗಂಡ ಡೆರಾಮನ್ ಬದುಕಿದ್ದಾಗ ಯಾವ ನೋಟು ಆ ಅಂಗೈಯಲ್ಲಿ ಮಡಚಿಕೊಂಡಿತ್ತೋ, ಅವನು ಸತ್ತು ಇಷ್ಟು ಕಾಲವಾದರೂ ಅದೇ ನೋಟು ಮಡಚಿಕೊಂಡಿತ್ತು. ಬಾಯೇ ಬಿಡದ ಮೇಲೆ ಬೆಲೆ ಏರುವುದಾದರೂ ಹೇಗೆ?

ಆಮೇಲೆ ಪೆಟ್ರೋಲಿನ ಬೆಲೆ ಒಂದೇ ರಾತ್ರಿಯಲ್ಲಿ ಜಿಗಿದ ಆ ವರ್ಷ ಬಂತು. ಪೇಟೆಯ ಬಂಕಿನವರು ಒಂದು ದರ ಹೇಳಿದರೆ, ಹಳ್ಳಿಯ ಅಂಗಡಿಯಲ್ಲಿ ಬಾಟಲಿಗೆ ತುಂಬಿಟ್ಟು ಮಾರುವವನು ಅದರ ಮೇಲೆ ತನ್ನದೊಂದಿಷ್ಟು ಸೇರಿಸಿದ. ಟೈರು ಏರಿತು, ಆಯಿಲು ಏರಿತು, ವಿಮೆ ಏರಿತು. ಹಿಂದಿನ ಟೈರುಗಳೆರಡೂ ತೊಕ್ ಬುಂಗಾಳ ಅಂಗೈಯಂತೆ ಸವೆದಿದ್ದವು. ಕಾರು ಕೊಳ್ಳುತ್ತೇನೆ ಎಂದು ಪೇಟೆಯವನೊಬ್ಬ ಎರಡು ಸಲ ಬಂದು ಹೋದ. ಕೊಟ್ಟುಬಿಟ್ಟರೆ ಸಂತೆ ನಿಲ್ಲುತ್ತದೆ, ಆ ಮೂವರ ದುಡಿಮೆ ನಿಲ್ಲುತ್ತದೆ. ತಾನು ಮತ್ತೆ ಮೆಟ್ಟಿಲ ಮೇಲೆ ಕೂತು ದಾರಿ ನೋಡುವ ವಿಧವೆಯಾಗುತ್ತೇನೆ. ಇದನ್ನು ನೆನೆದರೆ ಸೆಪಿಯಾಳಿಗೆ ಭಯವಾಗುತ್ತಿತ್ತು. ಬಾಡಿಗೆ ಹೆಚ್ಚು ಕೇಳಬೇಕು. ಆದರೆ ಅವಳ ಕುಲದಲ್ಲೇ ಯಾರೂ ಬಾಯಿ ಬಿಟ್ಟು ಕೇಳಿದವರಿಲ್ಲ.

ಬಾಯಿ ಬಿಡಲಾಗದವರು ಸುತ್ತಿ ಬಳಸಿ ಹೇಳುತ್ತಾರೆ. ಅವಳೂ ಒಂದು ಉಪಾಯ ಹೂಡಿದಳು.

"ನಂಗೂ ಒಂದ್ ಕನ್ಸು ಬಿತ್ತು," ಎಂದಳು ಒಂದು ಬೆಳಿಗ್ಗೆ, ಗುಡ್ಡ ಏರುತ್ತ.

ಬೀದಾಳ ತೂಕಡಿಕೆ ಹಾರಿಹೋಯಿತು. "ಅಯ್ಯೋ ಸೆಪಿಯಾ! ಓಡ್ಸೋರು ಹೇಳ್ಬಾರ್ದು ಕಣೇ!"

"ಹೇಳ್ದೇ ಇರೋಕ್ ಆಗ್ತಿಲ್ಲ. ಕಾರು ಬಂದು ಮೆಟ್ಟಿಲ ಹತ್ರ ನಿಂತಿತ್ತು. 'ಹಸಿವು ಪಿಯಾ, ನೀವ್ ಕೊಡೋದು ನಂಗೆ ಸಾಲ್ತಿಲ್ಲ' ಅಂತು."

ಇಷ್ಟು ಹೇಳಿ ಅವಳು ರಸ್ತೆ ನೋಡಿದಳು. ಇದಕ್ಕಿಂತ ಬಿಡಿಸಿ ಹೇಳಲು ಸಾಧ್ಯವೇ ಎಂದುಕೊಂಡಳು.

ಹಿಂದಿನಿಂದ ಜಾರಾ ನಿಧಾನವಾಗಿ ಕೇಳಿದಳು. "ಪಿಯಾ ಅಂತ ಕರೀತಾ?"

"ಹೂಂ."

"ಈ ಊರಲ್ಲಿ ನಿನ್ನ ಪಿಯಾ ಅಂತ ಕರೀತಿದ್ದೋನು ಒಬ್ನೇ."

ಸೆಪಿಯಾ ನಾಲಿಗೆ ಕಚ್ಚಿಕೊಂಡಳು. ಸುಳ್ಳು ಕಟ್ಟುವಾಗ ಆ ಹೆಸರು ತಾನಾಗಿಯೇ ಬಾಯಿಗೆ ಬಂದುಬಿಟ್ಟಿತ್ತು.

"ಯಾ ಅಲ್ಲಾ," ಎಂದಳು ತೊಕ್ ಬುಂಗಾ. "ಕಾರು ಯಾರ್ದು? ಡೆರಾಮನ್ದು. ಹಸಿದಿರೋದು ಕಾರಲ್ಲ, ಅವನು. ಸೆಪಿಯಾ, ಅವನ ಹೆಸರಲ್ಲಿ ಊಟ ಹಾಕ್ಸಿ ಎಷ್ಟ್ ಕಾಲ ಆಯ್ತು?"

ನಿಜಕ್ಕೂ ಬಹಳ ಕಾಲವಾಗಿತ್ತು. ಕಾರು ಇಳಿಜಾರಿನಲ್ಲಿ ಜಾರತೊಡಗಿತು. ಸೇತುವೆ ಬರುವಷ್ಟರಲ್ಲಿ ಆಡು ಯಾರದ್ದು, ಅಕ್ಕಿ ಯಾರದ್ದು, ಇಮಾಮರಿಗೆ ಹೇಳುವವರು ಯಾರು ಎಂಬುದೆಲ್ಲ ತೀರ್ಮಾನವಾಗಿಹೋಗಿತ್ತು.

ಗುರುವಾರ ಸಂಜೆ ಸೆಪಿಯಾಳ ಮನೆಯಲ್ಲಿ ಊಟ ನಡೆಯಿತು. ಜಾರಾ ಮಾಂಸದ ಗುಲಾಯಿ ಸಾರಿಗೆ ಕಾಯಿ ಹುರಿದಳು, ಬೀದಾ ಎಚ್ಚರವಿದ್ದು ಈರುಳ್ಳಿ ಸುಲಿದಳು. ತೊಕ್ ಬುಂಗಾ ತನ್ನ ನಾಲ್ಕು ದಿನದ ಕಳಲೆಯನ್ನು ಮಾರದೆ ತಂದು ಬೇಯಿಸಿದಳು. ದುಡ್ಡು ಸಾಲದೇ ಬಂದದ್ದಕ್ಕೆ ಸೆಪಿಯಾ ಟೈರಿಗೆಂದು ಎತ್ತಿಟ್ಟಿದ್ದನ್ನು ಬಿಚ್ಚಿದಳು. ಹೀಗೆ ಕಾರಿನ ಎರಡೂ ಹಿಂದಿನ ಟೈರುಗಳು ಊರಿನವರ ಹೊಟ್ಟೆ ಸೇರಿದವು. ಇಮಾಮರು ದುವಾ ಓದಿದರು. ಗಂಡಸರು ತಲೆದೂಗಿದರು, ಮಕ್ಕಳು ಎಲುಬು ಚೀಪಿದರು. ನಗುವುದೋ ಅಳುವುದೋ ತಿಳಿಯದೆ ಅವಳು ಒಲೆಯ ಮುಂದೆ ಕೂತಿದ್ದಳು. ಸುಳ್ಳು ಹೇಳಿ ಕರೆಸಿದ ಊಟವಾದರೂ ಡೆರಾಮನ್ನನ ಹೆಸರು ಅಷ್ಟು ಜನರ ಬಾಯಲ್ಲಿ ಕೇಳಿದಾಗ ಅವಳಿಗೆ ಸಂತೋಷವೇ ಆಯಿತು.

"ಇನ್ನು ನೋಡು, ಕಾರು ಹೇಗೆ ಓಡತ್ತೆ," ಎಂದಳು ಜಾರಾ ಪಾತ್ರೆ ತೊಳೆಯುತ್ತ.

ಅದೇ ವಾರ ಕೊಳ್ಳುವವನು ಮೂರನೆಯ ಸಲ ಬಂದ. ಸೋಮವಾರ ಹೇಳುತ್ತೇನೆ ಎಂದಳು.

ಶನಿವಾರ ಮಧ್ಯಾಹ್ನ, ಹೆಂಗಸರ ವ್ಯಾಪಾರ ಮುಗಿಯಲೆಂದು ಅವಳು ಸಂತೆಯ ಹಿಂದಿನ ಮಳೆಮರದ ನೆರಳಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದಳು. ಕಿಟಕಿ ತೆರೆದಿತ್ತು. ಒಣಮೀನಿನ ವಾಸನೆ, ಸಂತೆಯ ಗದ್ದಲ, ಬಿಸಿಲಿನ ಜೋಂಪು. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ. ಸಂತೆಯ ನಡುವೆ ಹೊಳೆ ಹರಿಯುತ್ತಿತ್ತು, ಕಂದು ಬಣ್ಣದ ಸೋಮಾರಿ ಹೊಳೆ. ಕಾರು ಅದರ ಮೇಲೆ ತೇಲುತ್ತಿತ್ತು. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಎಲ್ಲಿಗೂ ಅವಸರವಿಲ್ಲ. ಎಡಗಡೆಯ ಸೀಟಿನಲ್ಲಿ, ಅವಳ ಹಳೆಯ ಜಾಗದಲ್ಲಿ, ಡೆರಾಮನ್ ಕೂತಿದ್ದ. ಸರೋಂಗಿನ ಅಂಚು ಒದ್ದೆಯಾಗಿತ್ತು.

"ಹೊಟ್ಟೆ ತುಂಬ್ತಾ?" ಎಂದು ಕೇಳಿದಳು.

"ನಂಗೆಲ್ಲಿ ಹಸಿವಿತ್ತು?" ಎಂದ. ದಡದ ಕಡೆ ಕೈ ತೋರಿಸಿದ. ಅವರ ಎರಡು ಎಮ್ಮೆಗಳು ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ಮೈ ಮಿರಮಿರ ಮಿಂಚುತ್ತಿತ್ತು.

"ಅವನ್ನ ನೀನೇ ಮಾರಿದ್ಯಲ್ಲ, ಮುದಿಯಾದ್ವು ಅಂತ."

ಡೆರಾಮನ್ ತಲೆ ತಗ್ಗಿಸಿದ. "ಮುದಿಯಾಗಿರ್ಲಿಲ್ಲ ಪಿಯಾ."

ಎಚ್ಚರವಾದಾಗ ಕೈ ಸ್ಟೇರಿಂಗ್ ಮೇಲೇ ಇತ್ತು. ಒಂದಾದ ಮೇಲೊಂದು ಕೊಟ್ಟಿಗೆಯಿಂದ ಹೋದ ಆ ಎಮ್ಮೆಗಳು ಎಲ್ಲಿ ಹೋದವು ಎಂಬುದು ಅವಳಿಗೆ ಈಗ ತಿಳಿಯಿತು. ಈ ಕಾರಿನ ಟ್ಯಾಂಕಿಗೆ ಹೋಗಿದ್ದವು. ಅವನೂ ಕೈ ಕುಲುಕುತ್ತ, ಬೇರೆ ಎಲ್ಲೋ ನೋಡುತ್ತ, ಮನೆಯಲ್ಲಿದ್ದದ್ದನ್ನು ಒಂದೊಂದಾಗಿ ಸುಟ್ಟಿದ್ದ. ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಸತ್ತವನ ಮೇಲೆ ಬರುವ ಸಿಟ್ಟು, ತೀರಿಸಿಕೊಳ್ಳಲು ದಾರಿಯಿಲ್ಲದ್ದು. ಅದರ ಹಿಂದೆಯೇ ಕಣ್ಣೀರೂ ಬಂತು. ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು, ನಾಳೆ ಹೇಳಿಯೇ ತೀರುತ್ತೇನೆ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಗುಡ್ಡದ ನೆತ್ತಿಯಲ್ಲಿ ಕಾರು ನಿಂತಿತು. ಜಾರಲಿಲ್ಲ. ಅವಳು ಕೈಬ್ರೇಕ್ ಎಳೆದಿದ್ದಳು.

"ಏನಾಯ್ತೇ?" ಎಂದಳು ತೊಕ್ ಬುಂಗಾ.

"ಒಂದ್ ಮಾತು. ಕನ್ಸಲ್ಲ ಇದು. ಪೆಟ್ರೋಲ್ ಏರಿದೆ. ಟೈರ್ ಹೋಗಿದೆ. ನೀವ್ ಕೊಡೋದ್ರಲ್ಲಿ ಪೇಟೆಗ್ ಹೋಗ್ಬೋದು, ವಾಪಸ್ ಬರೋಕಾಗಲ್ಲ. ಇನ್ಮೇಲೆ ಒಬ್ಬೊಬ್ರು ಹತ್ತು ರಿಂಗ್ಗಿಟ್ ಕೊಡ್ಬೇಕು. ಇಲ್ದಿದ್ರೆ ನಾಳೆ ಕಾರು ಮಾರ್ತೀನಿ." ಒಂದೇ ಉಸಿರಿಗೆ ಹೇಳಿದಳು.

ಮಂಜು ಗಾಜಿನ ಮೇಲೆ ಇಳಿಯುತ್ತಿತ್ತು.

"ಬಾಯಿರ್ಲಿಲ್ವಾ ನಿಂಗೆ?" ಎಂದಳು ಜಾರಾ ಕೊನೆಗೆ. "ಇಷ್ಟ್ ದಿನ ಏನ್ ಮಾಡ್ತಿದ್ದೆ?"

"ಗುಡ್ಡ ಇಳೀವಾಗ ಇಂಜಿನ್ ಆರಿಸ್ತಿದ್ದೆ."

ತೊಕ್ ಬುಂಗಾ ಅವಳ ಕಡೆ ತಿರುಗಿದಳು. ಮುಖವನ್ನೇ ನೋಡಿದಳು, ನೇರವಾಗಿ. "ಹಾಗಾದ್ರೆ ಆವತ್ತು ಹಸಿದಿದ್ದು ನೀನು," ಎಂದಳು. "ಸತ್ತೋನಿಗೆ ಆಡು ಕಡಿದ್ವಿ. ಬದುಕಿರೋಳ ಕೈಯಲ್ಲೇ ಬಡಿಸ್ಕೊಂಡು ತಿಂದ್ವಿ."

ಅಷ್ಟು ಕೇಳಿದ್ದೇ ಸೆಪಿಯಾ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತಳು. ಜಾರಾ ಹಿಂದಿನಿಂದ ಅವಳ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಅಲ್ಲೇ ಸವರಿದಳು.

ಹತ್ತು ರಿಂಗ್ಗಿಟ್ ಎಲ್ಲರಿಗೂ ಭಾರವೇ. ಜಾರಾ ಮತ್ತು ಬೀದಾ ಲೆಕ್ಕ ಹಾಕಿ ವಾರಕ್ಕೆ ನಾಲ್ಕು ದಿನ ಹೋಗುವುದೆಂದು ಒಪ್ಪಿದರು. ತೊಕ್ ಬುಂಗಾಳ ಸೊಪ್ಪು ಮಾರಿದರೆ ದಿನಕ್ಕೆ ಅಷ್ಟು ಉಳಿಯುವುದೇ ಇಲ್ಲ. ಸೊಪ್ಪು ಕೂಡಿಟ್ಟು ವಾರಕ್ಕೆ ಒಂದೇ ಸಲ ಬರುತ್ತೇನೆ ಎಂದಳು.

"ನೀವ್ ಕೊಡೋದ್ ಬೇಡ ತೊಕ್. ಸುಮ್ನೆ ಹತ್ಕೊಳಿ," ಎಂದಳು ಸೆಪಿಯಾ.

"ಬಿಟ್ಟಿ ಊಟ ಹಾಕೋದು ಸತ್ತೋರ ಹೆಸರಲ್ಲಿ. ನಾನಿನ್ನೂ ಇದ್ದೀನಿ," ಎಂದಳು ಮುದುಕಿ.

ಕಾರು ಮಾರಾಟವಾಗಲಿಲ್ಲ. ಕೆಲವು ವಾರಗಳಲ್ಲಿ ಹಿಂದಿನ ಟೈರುಗಳು ಹೊಸದಾದವು. ನೋಟನ್ನು ಈಗ ಯಾರೂ ಮಡಚುತ್ತಿರಲಿಲ್ಲ. ತೊಕ್ ಬುಂಗಾ ಹತ್ತದ ದಿನಗಳಲ್ಲಿ ಮುಂದಿನ ಸೀಟು ಖಾಲಿ. ಆದರೆ ಮನೆಯೊಳಗೆ ಒಬ್ಬಳೇ ಕನಸು ಇಟ್ಟುಕೊಂಡು ಕೂರುವುದು ಹೇಗೆ? ಮುದುಕಿ ಶಾಲು ಹೊದ್ದು ರಸ್ತೆಯ ಬದಿಗೆ ಬಂದು ನಿಲ್ಲುತ್ತಿದ್ದಳು. ಕಾರು ನಿಂತಾಗ ಕಿಟಕಿಗೆ ಮುಖ ತಂದು, ಒಂದೊಂದೇ ಎಳೆ ಬಿಡಿಸಿ, ಆ ರಾತ್ರಿಯ ಕನಸನ್ನು ಹೇಳಿ ಒಪ್ಪಿಸುತ್ತಿದ್ದಳು. "ಹೊಳೆ ದಾಟ್ಸಿಬಿಡಿ ಇದನ್ನ," ಎನ್ನುತ್ತಿದ್ದಳು.

ಎಷ್ಟೇ ಉದ್ದದ ಕನಸಾಗಲಿ, ಅದು ಮುಗಿಯುವವರೆಗೆ ಸೆಪಿಯಾ ಇಂಜಿನ್ ಆರಿಸುತ್ತಿರಲಿಲ್ಲ. ಆರಿಸಿದರೆ ಇವಳು ಪೆಟ್ರೋಲ್ ಉಳಿಸುತ್ತಿದ್ದಾಳೆಂದು ಮುದುಕಿ ಲೆಕ್ಕ ಹಾಕಿ ಕನಸನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಾಳು ಎಂದು ಅವಳಿಗೆ ಭಯ.